ನಾಲ್ಕು ಚೌಕದ ಸಂಸಾರ ಮತ್ತು ಅದರ ಓದುಗರು

ಬೆಳಿಗ್ಗೆ ದಿನಪತ್ರಿಕೆ ಕೈಗೆ ಬಂದೊಡನೆ ನೀವು ಮೊದಲು ತಿರುವುವ ಪುಟ ಯಾವುದು? ಹಿರಿಯರು ಕೇಳಿದರೆ ಮುಖಪುಟ ಎನ್ನುತ್ತೀರಿ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಮಂದಿಯ ಕೈ ಮೊದಲು ಹೋಗುವುದು ಆಟದ ಪುಟಕ್ಕೆ, ಇಲ್ಲವೇ ಪದಬಂಧದ ಮಗ್ಗುಲಲ್ಲಿ ಮೂರು ನಾಲ್ಕು ಚೌಕಗಳಲ್ಲಿ ಮುಗಿದುಹೋಗುವ ಚಿತ್ರಪಟ್ಟಿಗೆ. ಕಾಮಿಕ್ ಸ್ಟ್ರಿಪ್ ಎಂದು ಕರೆಯುವ ಈ ಚಿತ್ರಪಟ್ಟಿಯನ್ನು ಓದಲು ಹದಿನೈದು ಸೆಕೆಂಡು ಸಾಕು. ಕಾಫಿ ಲೋಟ ಕೆಳಗಿಡುವುದರೊಳಗೆ ಅದು ಮುಗಿದಿರುತ್ತದೆ.

ಆದರೆ ಈ ಹದಿನೈದು ಸೆಕೆಂಡಿನ ಕತೆಯಲ್ಲಿ ಒಂದು ನಾಯಿ ಸತ್ತರೆ, ಅದನ್ನು ಓದಿದವರು ಕಣ್ಣೀರು ಹಾಕುತ್ತಾರೆ. ಬರೆದವರಿಗೆ ಸಾವಿರಾರು ಪತ್ರ ಬರೆಯುತ್ತಾರೆ. ಆ ನಾಯಿ ಇದ್ದದ್ದು ಕಾಗದದ ಮೇಲೆ, ಮಸಿಯಲ್ಲಿ. ಅದು ಓದುಗರಿಗೂ ಗೊತ್ತು. ಗೊತ್ತಿದ್ದೂ ಏಕೆ ಅಳುತ್ತಾರೆ? ಆ ಪತ್ರಗಳನ್ನು ಬರೆದವರು ಏನು ಕೇಳುತ್ತಿರುತ್ತಾರೆ? ಪಡೆದವರು ಅವನ್ನು ಹೇಗೆ ಓದಬೇಕು? ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ಮೂರು ಪ್ರಶ್ನೆಗಳ ಬಗ್ಗೆ.

ನಾನು ಓದಿದ್ದು ಭೌತಶಾಸ್ತ್ರ. ಹೊಟ್ಟೆಪಾಡಿಗೆ ಹಿಡಿದದ್ದು ದೂರದರ್ಶನದ ಕಾರ್ಯಕ್ರಮಗಳ ನಿರ್ಮಾಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಪ್ಪತ್ತು ವರ್ಷಕ್ಕೂ ಹಿಂದೆ, ಒಂದು ಕೌಟುಂಬಿಕ ಧಾರಾವಾಹಿಯ ತಂಡದಲ್ಲಿ ನಾನು ಸಹಾಯಕನಾಗಿದ್ದೆ. ಆ ಕತೆಯಲ್ಲಿ ಒಬ್ಬ ಅಜ್ಜಿ ಇದ್ದರು. ಆ ಪಾತ್ರ ಮಾಡುತ್ತಿದ್ದ ಕಲಾವಿದೆಗೆ ಅನಾರೋಗ್ಯವಾಗಿ ಚಿತ್ರೀಕರಣಕ್ಕೆ ಬರಲಾಗಲಿಲ್ಲ. ನಾವು ಸುಲಭದ ದಾರಿ ಹಿಡಿದೆವು. ಮುಂದಿನ ಕಂತಿನಲ್ಲಿ ಒಂದು ದೂರವಾಣಿ ಕರೆ, 'ಅಜ್ಜಿ ಹೋಗಿಬಿಟ್ಟರಂತೆ' ಎಂಬ ಒಂದು ಮಾತು. ಅದರ ಮುಂದಿನ ಕಂತಿನಲ್ಲಿ ಮನೆಯವರೆಲ್ಲ ಮೊಮ್ಮಗಳ ಮದುವೆ ಮಾತುಕತೆಯಲ್ಲಿ ಕೂತಿದ್ದರು. ಆ ವಾರ ಅಂಚೆಯ ಚೀಲ ಎಂದಿಗಿಂತ ದಪ್ಪವಾಗಿತ್ತು. ಪತ್ರಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಜ್ಞಾನ ಓದಿದವನಲ್ಲವೇ, ಅಚ್ಚುಕಟ್ಟಾಗಿ ಎರಡು ಕಟ್ಟು ಮಾಡಿದೆ: 'ಪರ' ಒಂದು, 'ವಿರೋಧ' ಒಂದು. ಎಣಿಸಿ, ಅಂಕಿ ಬರೆದು, ನಿರ್ದೇಶಕರ ಮೇಜಿನ ಮೇಲಿಟ್ಟೆ. ಆ ಎಣಿಕೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದೇನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಚಿತ್ರಪಟ್ಟಿಯ ಲೋಕಕ್ಕೆ ಹೋಗೋಣ.

ಕುಟುಂಬದ ಕತೆ ಹೇಳುವ ಚಿತ್ರಪಟ್ಟಿಗಳು ಬಲವಾಗಿ ಬೇರೂರಿದ್ದು ಅಮೆರಿಕದ ದಿನಪತ್ರಿಕೆಗಳಲ್ಲಿ. 1917ರಲ್ಲಿ ಸಿಡ್ನಿ ಸ್ಮಿತ್ ಎಂಬ ಚಿತ್ರಕಾರ 'ದಿ ಗಂಪ್ಸ್' ಎಂಬ ಪಟ್ಟಿಯನ್ನು ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆರಂಭಿಸಿದ. ಸಾಧಾರಣ ಮನೆ, ಸಾಧಾರಣ ಜಗಳ, ಸಾಲ, ಆಸೆ. ಇಂದು ಮುಗಿದ ಕಡೆಯಿಂದ ನಾಳೆ ಮುಂದುವರಿಯುವ ಕತೆ. 1929ರಲ್ಲಿ ಸ್ಮಿತ್ ಈ ಸಂಸಾರದ ನೆರೆಮನೆಯ ಮೇರಿ ಗೋಲ್ಡ್ ಎಂಬ ಹುಡುಗಿಯ ಕತೆ ಹೇಳತೊಡಗಿದ. ಅವಳು ಪ್ರೀತಿಸಿದವನು ಮಾಡದ ಕಳ್ಳತನಕ್ಕಾಗಿ ಸೆರೆಮನೆ ಸೇರುತ್ತಾನೆ. ಅವಳು ಕೊರಗಿ ಹಾಸಿಗೆ ಹಿಡಿಯುತ್ತಾಳೆ. ಇಂಥ ಕತೆಗಳಲ್ಲಿ ಕೊನೆಗೆ ಎಲ್ಲವೂ ಸರಿಹೋಗುತ್ತದೆ ಎಂದೇ ಓದುಗರು ನಂಬಿದ್ದರು. ಏಪ್ರಿಲ್ ತಿಂಗಳ ಕೊನೆಯಲ್ಲಿ ಮೇರಿ ಗೋಲ್ಡ್ ಸತ್ತಳು. ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ ಜನ ಮೆಚ್ಚಿದ ಪಾತ್ರವೊಂದು ಸತ್ತದ್ದು ಅದೇ ಮೊದಲೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಬಂದ ದೂರವಾಣಿ ಕರೆಗಳಿಗೆ, ಪತ್ರಗಳಿಗೆ ಉತ್ತರಿಸಲು ಪತ್ರಿಕೆಯವರು ಹೆಚ್ಚಿನ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕಾಯಿತು.

ಅದೇ ಕಾಲದ ಇನ್ನೊಂದು ಪಟ್ಟಿ ಫ್ರಾಂಕ್ ಕಿಂಗ್ ಬರೆಯುತ್ತಿದ್ದ 'ಗ್ಯಾಸೋಲಿನ್ ಆಲಿ'. 1918ರಲ್ಲಿ ಶುರುವಾದಾಗ ಅದು ಕಾರಿನ ಹುಚ್ಚು ಹಿಡಿದ ಗಂಡಸರ ಹರಟೆಯಾಗಿತ್ತು. ಹೆಂಗಸರೂ ಓದುವಂತಾಗಬೇಕು, ಒಂದು ಮಗುವನ್ನು ತನ್ನಿ ಎಂದು ಪತ್ರಿಕೆಯ ಒಡೆಯ ಸೂಚಿಸಿದ. ಆದರೆ ನಾಯಕ ವಾಲ್ಟ್ ಬ್ರಹ್ಮಚಾರಿ! 1921ರ ಫೆಬ್ರವರಿ 14ರಂದು ಅವನ ಮನೆಯ ಹೊಸ್ತಿಲಲ್ಲಿ ಯಾರೋ ಒಂದು ಹಸುಗೂಸನ್ನು ಬಿಟ್ಟುಹೋದರು. ಆ ಮಗು ಸ್ಕೀಜಿಕ್ಸ್ ಮುಂದೆ ಓದುಗರ ಮಕ್ಕಳ ಜೊತೆಜೊತೆಗೇ ಬೆಳೆಯಿತು, ಶಾಲೆಗೆ ಹೋಯಿತು, ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿತು. ಚಿತ್ರಪಟ್ಟಿಯೊಳಗೆ ನಿಜವಾದ ಕ್ಯಾಲೆಂಡರು ಹೊಕ್ಕದ್ದು ಹೀಗೆ.

ಚಿಕ್ ಯಂಗ್ 1930ರಲ್ಲಿ ಆರಂಭಿಸಿದ 'ಬ್ಲಾಂಡಿ'ಯ ಹೆಸರನ್ನು ನಿಮ್ಮ ಅಜ್ಜ ಅಜ್ಜಿಯರು ಕೇಳಿರಬಹುದು. ಅದರ ನಾಯಕ ಡಾಗ್‌ವುಡ್ ಮೊದಲು ಕೋಟ್ಯಧೀಶನ ಮಗನಾಗಿದ್ದ. ಆದರೆ ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡು ಕೂತ ಓದುಗರಿಗೆ ಶ್ರೀಮಂತನ ಹುಡುಗಾಟ ನಗು ತರಿಸುವುದನ್ನು ನಿಲ್ಲಿಸಿತು. ಯಂಗ್ ಏನು ಮಾಡಿದ? ಡಾಗ್‌ವುಡ್‌ನಿಂದ ಉಪವಾಸ ಸತ್ಯಾಗ್ರಹ ಮಾಡಿಸಿ, 1933ರ ಫೆಬ್ರವರಿಯಲ್ಲಿ ಬ್ಲಾಂಡಿಯ ಜೊತೆ ಮದುವೆ ಮಾಡಿಸಿ, ಅಪ್ಪನ ಆಸ್ತಿಯಿಂದ ಹೊರಹಾಕಿಸಿದ. ಅಲ್ಲಿಂದ ಅವನು ಬಸ್ ಹಿಡಿಯಲು ಓಡುವ, ಸಂಬಳಕ್ಕಾಗಿ ಯಜಮಾನನ ಬೈಗುಳ ತಿನ್ನುವ ಸಾಮಾನ್ಯ ಗೃಹಸ್ಥ. ಪಟ್ಟಿ ಮತ್ತೆ ಚಿಗುರಿತು. 1941ರಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿದಾಗ ಹೆಸರಿಡಲು ಓದುಗರನ್ನೇ ಕರೆದರು. ನಾಲ್ಕು ಲಕ್ಷಕ್ಕೂ ಹೆಚ್ಚು ಸಲಹೆಗಳು ಬಂದವು! ನಮ್ಮಲ್ಲಿ ನಾಮಕರಣಕ್ಕೆ ಸೋದರತ್ತೆ ಒಬ್ಬಳು ಸಾಕು. ಆ ಮಗುವಿಗೆ ನಾಲ್ಕು ಲಕ್ಷ ಸೋದರತ್ತೆಯರು.

ಇವೆಲ್ಲ ಪೀಠಿಕೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕೆನಡಾ ದೇಶದ ಒಂದು ಚಿತ್ರಪಟ್ಟಿಯ ಬಗ್ಗೆ. ಹೆಸರು 'ಫಾರ್ ಬೆಟರ್ ಆರ್ ಫಾರ್ ವರ್ಸ್'. ಕ್ರೈಸ್ತರ ಮದುವೆಯ ಪ್ರತಿಜ್ಞೆಯಲ್ಲಿ ಬರುವ ಮಾತು ಅದು. ಒಳಿತೇ ಬರಲಿ, ಕೆಡುಕೇ ಬರಲಿ ಎಂದು ಅರ್ಥ. ಬರೆದವರು ಲಿನ್ ಜಾನ್‌ಸ್ಟನ್, 1947ರಲ್ಲಿ ಹುಟ್ಟಿದವರು. ಪಟ್ಟಿ ಶುರುವಾದದ್ದು 1979ರ ಸೆಪ್ಟೆಂಬರಿನಲ್ಲಿ. ಎಲಿ ಎಂಬ ಗೃಹಿಣಿ, ದಂತವೈದ್ಯನಾದ ಗಂಡ ಜಾನ್ ಪ್ಯಾಟರ್‌ಸನ್, ಮಕ್ಕಳು ಮೈಕಲ್ ಮತ್ತು ಎಲಿಜಬೆತ್. ಜಾನ್‌ಸ್ಟನ್ ಅವರ ಆಗಿನ ಗಂಡನೂ ದಂತವೈದ್ಯ. ಪಾತ್ರಗಳಿಗೆ ಇಟ್ಟದ್ದು ತಮ್ಮ ಮನೆಯವರ ಎರಡನೆಯ ಹೆಸರುಗಳನ್ನೇ. ಚೆಲ್ಲಿದ ಹಾಲು, ತೊಳೆಯದ ಪಾತ್ರೆ, ಮಕ್ಕಳ ರಂಪ ಇವೇ ಅದರ ವಸ್ತು. 1985ರ ಸಾಲಿನಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರರ ದೊಡ್ಡ ಗೌರವವಾದ ರೂಬೆನ್ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಪಟ್ಟಿ ಉಚ್ಛ್ರಾಯದಲ್ಲಿದ್ದಾಗ ಎರಡು ಸಾವಿರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು.

ಈ ಪಟ್ಟಿಯ ವಿಶೇಷವೆಂದರೆ ಇಲ್ಲಿಯೂ ಕಾಲ ನಿಜವಾಗಿ ಹರಿಯುತ್ತದೆ. ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ಪಟ್ಟಿಯನ್ನು ನೋಡಿ: 1950ರಲ್ಲಿ ಶುರುವಾಗಿ 2000ದಲ್ಲಿ ಮುಗಿಯಿತು, ಆ ಐವತ್ತು ವರ್ಷದಲ್ಲಿ ಚಾರ್ಲಿ ಬ್ರೌನ್ ಶಾಲೆ ಬಿಡಲೇ ಇಲ್ಲ. ಜಾನ್‌ಸ್ಟನ್ ಅವರ ಪಟ್ಟಿಯಲ್ಲಿ ಹಾಗಲ್ಲ. ಮೈಕಲ್ ಬೆಳೆದು ತಂದೆಯಾಗುತ್ತಾನೆ. 1991ರಲ್ಲಿ ಏಪ್ರಿಲ್ ಎಂಬ ಮೂರನೆಯ ಮಗು ಹುಟ್ಟಿ, ಪಟ್ಟಿ ಮುಗಿಯುವ ಹೊತ್ತಿಗೆ ಹದಿಹರೆಯಕ್ಕೆ ಬರುತ್ತದೆ. ಅಜ್ಜಿ ತೀರಿಕೊಳ್ಳುತ್ತಾರೆ; ಅಜ್ಜನಿಗೆ ಪಾರ್ಶ್ವವಾಯು ಬಡಿದು ಮಾತು ತೊದಲುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. 1979ರಿಂದ 2008ರವರೆಗೆ, ಹೊಸ ಕತೆ ಬಂದ ಅವಧಿ 29 ವರ್ಷ. ದಿನಕ್ಕೊಂದರಂತೆ ಸುಮಾರು 10,500 ಪಟ್ಟಿಗಳು. ಒಂದಕ್ಕೆ 15 ಸೆಕೆಂಡು ಎಂದರೆ ಒಟ್ಟು ಓದುವ ಸಮಯ ಸುಮಾರು 44 ಗಂಟೆ. ಅರ್ಧ ಗಂಟೆಯ ದೈನಿಕ ಧಾರಾವಾಹಿಯೊಂದು ಇಷ್ಟು ಸಮಯವನ್ನು ನಾಲ್ಕೇ ತಿಂಗಳಲ್ಲಿ ತಿಂದುಹಾಕುತ್ತದೆ. ಹಾಗಾದರೆ 44 ಗಂಟೆಯ ಪರಿಚಯಕ್ಕೆ ಇಷ್ಟು ಗಾಢವಾದ ಬಂಧ ಹೇಗೆ ಬಂತು? ಉತ್ತರ ಗಂಟೆಗಳಲ್ಲಿಲ್ಲ, ವರ್ಷಗಳಲ್ಲಿದೆ. ಹನಿ ನೀರಾವರಿಯನ್ನು ನೀವು ನೋಡಿದ್ದೀರಿ. ಒಂದು ದಿನ ಕಾಲುವೆ ಒಡೆದು ನುಗ್ಗುವ ನೀರಿಗಿಂತ, ದಿನವೂ ಬೇರಿನ ಬುಡಕ್ಕೆ ಬೀಳುವ ಹನಿ ಗಿಡವನ್ನು ಸಾಕುತ್ತದೆ. ಈ ಹದಿನೈದು ಸೆಕೆಂಡು ಮತ್ತು ನಾಳಿನ ಹದಿನೈದು ಸೆಕೆಂಡಿನ ನಡುವೆ ಓದುಗ ತನ್ನ ಇಡೀ ದಿನವನ್ನು ಬದುಕುತ್ತಾನೆ; ಅವನ ಮನೆಯಲ್ಲೂ ಮಕ್ಕಳು ಬೆಳೆಯುತ್ತಿರುತ್ತಾರೆ, ಹಿರಿಯರು ಬಾಗುತ್ತಿರುತ್ತಾರೆ. ಎರಡು ಸಂಸಾರಗಳು ಅಕ್ಕಪಕ್ಕದಲ್ಲಿ ಮುಪ್ಪಾಗುತ್ತವೆ.

ಈಗ ಆ ನಾಯಿಯ ವಿಷಯಕ್ಕೆ ಬರೋಣ. ಪ್ಯಾಟರ್‌ಸನ್ ಮನೆಯ ನಾಯಿಯ ಹೆಸರು ಫಾರ್ಲಿ. ಕಣ್ಣು ಮುಚ್ಚುವಷ್ಟು ಕೂದಲಿನ ದೊಡ್ಡ ನಾಯಿ. ಪಟ್ಟಿಯ ಆರಂಭದ ವರ್ಷಗಳಲ್ಲಿ ಮರಿಯಾಗಿ ಬಂದದ್ದು, 1995ರ ಹೊತ್ತಿಗೆ ಮುದಿಯಾಗಿತ್ತು. ಆ ಜಾತಿಯ ನಾಯಿ ಹದಿಮೂರು ಹದಿನಾಲ್ಕು ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಕತೆಯಲ್ಲಿ ಮಕ್ಕಳು ನಿಜವಾಗಿ ಬೆಳೆಯುವುದಾದರೆ ನಾಯಿಯೂ ನಿಜವಾಗಿ ಸಾಯಬೇಕು. ಜೀವಶಾಸ್ತ್ರದ ನಿಯಮ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಇರಲಾಗದು. ಜಾನ್‌ಸ್ಟನ್ ಈ ಯೋಚನೆಯನ್ನು ಗೆಳೆಯ ಶುಲ್ಜ್ ಅವರಿಗೆ ಹೇಳಿದರು. ಶುಲ್ಜ್ ಬೇಡವೇ ಬೇಡ ಎಂದರು. ನೀವು ನಿಮ್ಮ ನಾಯಿಯನ್ನು ಸಾಯಿಸಿದರೆ ನಾನು ಅದೇ ದಿನ ನನ್ನ ಸ್ನೂಪಿಗೆ ಲಾರಿ ಹೊಡೆಸುತ್ತೇನೆ, ಆಗ ಜನ ಸ್ನೂಪಿಯನ್ನು ನೋಡುತ್ತಾರೆಯೇ ಹೊರತು ನಿಮ್ಮ ನಾಯಿಯನ್ನಲ್ಲ ಎಂದು ಬೆದರಿಸಿದರಂತೆ. ಆದ್ದರಿಂದ ಯಾವಾಗ ಎಂಬುದನ್ನು ಅವರಿಗೆ ತಿಳಿಸದೆಯೇ ಮುಂದುವರಿದೆ ಎಂದು ಜಾನ್‌ಸ್ಟನ್ ನಗುತ್ತ ಹೇಳಿಕೊಂಡಿದ್ದಾರೆ.

1995ರ ಏಪ್ರಿಲ್ ತಿಂಗಳು. ಮಳೆಗೆ ಉಕ್ಕಿದ ಹೊಳೆಯಲ್ಲಿ ಪುಟ್ಟ ಏಪ್ರಿಲ್ ಬೀಳುತ್ತಾಳೆ. ಮುದಿ ಫಾರ್ಲಿ ಹಾರಿ, ಅವಳನ್ನು ಮುಳುಗದಂತೆ ಹಿಡಿದಿಡುತ್ತದೆ. ಮನೆಯವರು ಬಂದು ಮಗುವನ್ನು ಎತ್ತುತ್ತಾರೆ. ಮಗು ಉಳಿಯುತ್ತದೆ, ದಣಿದ ನಾಯಿಯ ಹೃದಯ ನಿಲ್ಲುತ್ತದೆ. ಆ ವಾರ ಪತ್ರಿಕಾ ಕಚೇರಿಗಳಿಗೆ, ಜಾನ್‌ಸ್ಟನ್ ಅವರ ಮನೆಗೆ ಪತ್ರಗಳ ಮಳೆಯೇ ಸುರಿಯಿತು. ಹಲವರು ಕೋಪಗೊಂಡರು: ಬೆಳಿಗ್ಗೆ ನಗಲು ತೆರೆದ ಪುಟದಲ್ಲಿ ಅಳಿಸಿದಿರಿ, ಮಕ್ಕಳಿಗೆ ಏನು ಹೇಳೋಣ ಎಂದರು. ಹಲವರು ತಾವು ಕಳೆದುಕೊಂಡ ನಾಯಿಯ ಕತೆ ಬರೆದರು. ಜಾನ್‌ಸ್ಟನ್ ಆ ಸಾವನ್ನು ಒಂದೇ ದಿನಕ್ಕೆ ಮುಗಿಸಲಿಲ್ಲ ಎಂಬುದನ್ನು ಗಮನಿಸಿ. ಮುಂದಿನ ಕಂತುಗಳಲ್ಲಿ ಮನೆಯ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ದುಃಖಿಸಿದರು. ಮುಂದೆ ಒಂಟಾರಿಯೊ ಪ್ರಾಂತದ ಪಶುವೈದ್ಯರ ಸಂಘ, ಬಡವರ ಸಾಕುಪ್ರಾಣಿಗಳ ಚಿಕಿತ್ಸೆಗೆ ನೆರವಾಗುವ ನಿಧಿಯೊಂದನ್ನು ಸ್ಥಾಪಿಸಿದಾಗ ಅದಕ್ಕೆ ಫಾರ್ಲಿಯ ಹೆಸರನ್ನೇ ಇಟ್ಟಿತು. ಮಸಿಯ ನಾಯಿಯ ಹೆಸರಿನಲ್ಲಿ ನಿಜವಾದ ನಾಯಿಗಳಿಗೆ ಔಷಧಿ ಸಿಗುತ್ತದೆ.

ಇದಕ್ಕೂ ಎರಡು ವರ್ಷ ಮೊದಲು, 1993ರ ವಸಂತದಲ್ಲಿ, ಇನ್ನೂ ದೊಡ್ಡ ಬಿರುಗಾಳಿ ಎದ್ದಿತ್ತು. ಮೈಕಲ್‌ನ ನೆರೆಮನೆಯ ಗೆಳೆಯ ಲಾರೆನ್ಸ್ ಹದಿನೇಳರ ಹುಡುಗ. ಓದುಗರು ಅವನನ್ನು ಚಿಕ್ಕಂದಿನಿಂದ ಕಂಡವರು. ಒಂದು ದಿನ ಅವನು ತಾನು ಪ್ರೀತಿಸುವುದು ಹುಡುಗರನ್ನು ಎಂದು ಮೈಕಲ್‌ಗೆ ಹೇಳುತ್ತಾನೆ. ಅಪ್ಪ ಅಮ್ಮನಿಗೆ ಹೇಳಿದಾಗ ಮನೆಯಿಂದ ಹೊರಹಾಕುತ್ತಾರೆ; ರಾತ್ರಿಯೆಲ್ಲ ಹುಡುಕಾಡಿದ ಮೇಲೆ ಮತ್ತೆ ಒಳಗೆ ಕರೆದುಕೊಳ್ಳುತ್ತಾರೆ. ಇಷ್ಟೇ ಕತೆ. ಕೆಲವು ಪತ್ರಿಕೆಗಳು ಆ ವಾರಗಳಲ್ಲಿ ಈ ಕಂತುಗಳ ಬದಲು ಬೇರೆ ಕಂತುಗಳನ್ನು ಹಾಕಿದವು. ಕೆಲವು ಈ ಪಟ್ಟಿಯನ್ನು ಶಾಶ್ವತವಾಗಿ ಕೈಬಿಟ್ಟವು. ಓದುಗರು ಚಂದಾ ನಿಲ್ಲಿಸಿದರು. ಇಂಥ ವಿಷಯ ಮಕ್ಕಳ ಕಣ್ಣಿಗೆ ಬೀಳುವ ಪುಟದಲ್ಲಿ ಏಕೆ ಎಂಬುದು ಅವರ ಪ್ರಶ್ನೆ. ಜಾನ್‌ಸ್ಟನ್ ಅವರ ಬಾಲ್ಯದ ಗೆಳೆಯನೊಬ್ಬ ಇಂಥವನೇ ಆಗಿದ್ದು, 1991ರಲ್ಲಿ ಕೊಲೆಯಾಗಿದ್ದ. ಆ ನೋವು ಈ ಕತೆಯ ಹಿಂದಿತ್ತು.

ಸಾವಿರಾರು ಪತ್ರಗಳು ಬಂದವು. ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ಅವುಗಳಲ್ಲಿ ಬೆಂಬಲಿಸಿದವೇ ಹೆಚ್ಚು. ತಮ್ಮ ಮಗನ ಬಗ್ಗೆ ಯಾರೊಡನೆಯೂ ಮಾತಾಡದಿದ್ದ ತಂದೆತಾಯಿಯರು ಬರೆದರು. ಮನೆಯಲ್ಲಿ ಹೇಳಲಾರದೆ ಬದುಕಿದವರು ಬರೆದರು. ಮರುವರ್ಷ, 1994ರಲ್ಲಿ, ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಈ ಕಂತುಗಳು ಆಯ್ಕೆಯಾದವು. ಅದೂ ಸಂಪಾದಕೀಯ ವ್ಯಂಗ್ಯಚಿತ್ರಗಳ ವಿಭಾಗದಲ್ಲಿ! ಲಾರೆನ್ಸ್ ಹೊಸದಾಗಿ ಬಂದ ಪಾತ್ರವಾಗಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ, ಇಷ್ಟು ಪರಿಣಾಮವೂ ಆಗುತ್ತಿರಲಿಲ್ಲ. ಅವನು ಹತ್ತಾರು ವರ್ಷ ಓದುಗರ ಅಂಗಳದಲ್ಲಿ ಆಡಿದ ಹುಡುಗ. ಪರಿಚಯವಾದ ಮೇಲೆ ಅಭಿಪ್ರಾಯ ಬದಲಿಸುವುದು ಸುಲಭ. ಪರಿಚಯವಿಲ್ಲದವನ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು ಇನ್ನೂ ಸುಲಭ.

ಮೂರನೆಯ ಪ್ರಸಂಗ ಮದುವೆಯದು. ಎಲಿಜಬೆತ್ ಬೆಳೆದು ಉಪಾಧ್ಯಾಯಿನಿಯಾಗಿ, ದೂರದ ಮೂಲನಿವಾಸಿಗಳ ಹಳ್ಳಿಯಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಅವಳಿಗೊಬ್ಬ ಗೆಳೆಯನೂ ಇರುತ್ತಾನೆ. ಆದರೆ ಕತೆ ಅವಳನ್ನು ಮರಳಿ ಊರಿಗೆ ತಂದು, 2008ರಲ್ಲಿ ಶಾಲೆಯ ದಿನಗಳ ಗೆಳೆಯ ಆಂಟನಿಯೊಡನೆ ಮದುವೆ ಮಾಡಿಸುತ್ತದೆ. ಆಂಟನಿ ಆ ಹೊತ್ತಿಗೆ ಒಮ್ಮೆ ಮದುವೆಯಾಗಿ ವಿಚ್ಛೇದನ ಪಡೆದು, ಒಬ್ಬ ಮಗಳ ತಂದೆಯಾಗಿದ್ದ. ಓದುಗರಲ್ಲಿ ಎರಡು ಪಕ್ಷವಾಯಿತು. ಹಳೆಯ ಪ್ರೀತಿ ಗೆದ್ದಿತೆಂದು ಕೆಲವರು ಹಿಗ್ಗಿದರು. ಇನ್ನು ಕೆಲವರು, ಹೊರಗೆ ಹೋಗಿ ತನ್ನ ಕಾಲ ಮೇಲೆ ನಿಂತ ಹುಡುಗಿಯನ್ನು ಏಕೆ ಬೆಳೆದ ಬೀದಿಗೇ ಎಳೆದು ತಂದಿರಿ, ಇದು ಅವಳ ಆಯ್ಕೆಯೋ ನಿಮ್ಮದೋ ಎಂದು ಸಿಟ್ಟಾದರು. ಫಾರ್ಲಿಯ ವಿಷಯದಲ್ಲಿ ಓದುಗರು ದುಃಖಪಟ್ಟರು. ಇಲ್ಲಿ ಅವರು ವಾದ ಹೂಡಿದರು. ಈ ಪಾತ್ರ ನಮಗೆ ನಿಮ್ಮಷ್ಟೇ ಗೊತ್ತು, ಅವಳು ಹೀಗೆ ಮಾಡುವವಳಲ್ಲ ಎಂದು ಬರೆದವರಿಗೇ ಹೇಳಿದರು. ಒಂದು ಪಾತ್ರಕ್ಕೆ ಇದಕ್ಕಿಂತ ದೊಡ್ಡ ಗೌರವ ಉಂಟೇ? ಬರೆದವರಿಗೆ ಇದಕ್ಕಿಂತ ದೊಡ್ಡ ತಲೆನೋವೂ ಇಲ್ಲ!

ಹಾಗಾದರೆ ಬರೆಯುವವರು ಓದುಗರ ಮಾತನ್ನು ಕೇಳಬೇಕೇ, ಬೇಡವೇ? ಇಲ್ಲಿ ನನ್ನ ವಿಜ್ಞಾನದ ಪಾಠ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಎರಡು ಸಂಗತಿಗಳನ್ನು ನೆನಪಿಡಿ.

ಒಂದು, ಪತ್ರ ಬರೆಯುವವರು ಎಲ್ಲ ಓದುಗರ ಪ್ರತಿನಿಧಿಗಳಲ್ಲ. ನಿಮ್ಮ ಹಾಸ್ಟೆಲಿನ ದೂರು ಪುಸ್ತಕವನ್ನು ತೆಗೆದು ನೋಡಿ. ಸಾರು ಚೆನ್ನಾಗಿದ್ದ ದಿನ ಅದರಲ್ಲಿ ಯಾರೂ ಏನೂ ಬರೆದಿರುವುದಿಲ್ಲ. ಆ ಪುಸ್ತಕವನ್ನಷ್ಟೇ ಓದಿದವನು ಹಾಸ್ಟೆಲಿನಲ್ಲಿ ಒಂದು ದಿನವೂ ಒಳ್ಳೆಯ ಊಟ ಇರಲಿಲ್ಲ ಎಂದುಕೊಳ್ಳುತ್ತಾನೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಪಕ್ಷಪಾತದ ಮಾದರಿ ಎನ್ನುತ್ತಾರೆ. ತೃಪ್ತನಾದ ಓದುಗ ಪುಟ ಮಡಿಸಿ ಕೆಲಸಕ್ಕೆ ಹೋಗುತ್ತಾನೆ. ಕೆರಳಿದವನು, ಕರಗಿದವನು ಮಾತ್ರ ಲೇಖನಿ ಹಿಡಿಯುತ್ತಾನೆ.

ಎರಡು, ಪತ್ರ ತಡವಾಗಿ ಬರುತ್ತದೆ. ದಿನಪತ್ರಿಕೆಯ ಚಿತ್ರಪಟ್ಟಿಯನ್ನು ಅಚ್ಚಾಗುವುದಕ್ಕೆ ಹಲವು ವಾರ ಮೊದಲೇ ಬರೆದು ಕಳಿಸಿರುತ್ತಾರೆ. ಇಂದಿನ ಕಂತನ್ನು ಓದಿ ನೀವು ಸಿಟ್ಟಿನಿಂದ ಪತ್ರ ಬರೆಯುವ ಹೊತ್ತಿಗೆ ಮುಂದಿನ ತಿಂಗಳ ಕತೆ ಆಗಲೇ ಅಚ್ಚಿನ ದಾರಿ ಹಿಡಿದಿರುತ್ತದೆ. ಗೀಸರಿನ ನೀರಿಗೆ ನಲ್ಲಿ ತಿರುಗಿಸಿದ ಅನುಭವ ನಿಮಗಿದೆಯಲ್ಲ? ನೀರು ತಣ್ಣಗಿದೆಯೆಂದು ಇನ್ನಷ್ಟು ತಿರುಗಿಸುತ್ತೀರಿ. ಬಿಸಿನೀರು ಕೊಳವೆಯಲ್ಲಿ ಬರಲು ಹೊತ್ತು ಬೇಕು. ತಾಳ್ಮೆಗೆಟ್ಟು ಪೂರ್ತಿ ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮೈ ಸುಡುತ್ತದೆ. ಆಗ ಅಷ್ಟೂ ಹಿಂದಕ್ಕೆ ತಿರುಗಿಸಿ ಮತ್ತೆ ಚಳಿಯಲ್ಲಿ ನಡುಗುತ್ತೀರಿ. ತಡವಾಗಿ ಬರುವ ಪ್ರತಿಕ್ರಿಯೆಗೆ ಆತುರದಿಂದ ಸ್ಪಂದಿಸಿದರೆ ಯಾವ ವ್ಯವಸ್ಥೆಯೂ ಹೀಗೆ ಹೊಯ್ದಾಡುತ್ತದೆ. ಪ್ರತಿ ಪತ್ರಕ್ಕೂ ಕತೆಯನ್ನು ತಿರುಗಿಸುವವರು ಕೊನೆಗೆ ಯಾರಿಗೂ ಬೇಡವಾದ ಕತೆ ಬರೆಯುತ್ತಾರೆ.

ಹಾಗೆಂದು ಪತ್ರಗಳು ವ್ಯರ್ಥವಲ್ಲ. ಶುಲ್ಜ್ ಅವರ ಎರಡು ಉದಾಹರಣೆ ಕೊಡುತ್ತೇನೆ. 1954ರ ಕೊನೆಯಲ್ಲಿ ಅವರು ಷಾರ್ಲಟ್ ಬ್ರೌನ್ ಎಂಬ ಗಟ್ಟಿಗಂಟಲಿನ ಹುಡುಗಿಯನ್ನು ತಂದರು. ಓದುಗರಿಗೆ ಹಿಡಿಸಲಿಲ್ಲ. ಅವಳನ್ನು ತೆಗೆದುಹಾಕಿ ಎಂದು ಬರೆದ ಒಬ್ಬ ಮಹಿಳೆಗೆ 1955ರ ಜನವರಿಯಲ್ಲಿ ಅವರೇ ಉತ್ತರಿಸಿದರು: ಆಗಲಿ, ತೆಗೆಯುತ್ತೇನೆ, ಆದರೆ ಒಂದು ಮುಗ್ಧ ಮಗುವಿನ ಸಾವಿನ ಹೊಣೆ ನಿಮ್ಮ ಆತ್ಮಸಾಕ್ಷಿಯ ಮೇಲಿರುತ್ತದೆ, ಸಿದ್ಧರಿದ್ದೀರಾ ಎಂದು. ಪತ್ರದ ಕೆಳಗೆ, ತಲೆಗೆ ಕೊಡಲಿ ನಾಟಿದ ಷಾರ್ಲಟ್‌ಳ ಚಿತ್ರ! ತಮಾಷೆಯೇ, ಆದರೆ ಒಳಗೊಂದು ಮುಳ್ಳಿದೆ. ಆ ಪತ್ರ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯದಲ್ಲಿದೆ.

ಎರಡನೆಯದು 1968ರದು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಹನ್ನೊಂದು ದಿನಗಳ ನಂತರ ಲಾಸ್ ಏಂಜಲೀಸ್‌ನ ಶಾಲಾ ಶಿಕ್ಷಕಿ ಹ್ಯಾರಿಯೆಟ್ ಗ್ಲಿಕ್‌ಮನ್ ಶುಲ್ಜ್ ಅವರಿಗೆ ಬರೆದರು: ನಿಮ್ಮ ಮಕ್ಕಳ ಗುಂಪಿನಲ್ಲಿ ಒಬ್ಬ ಕಪ್ಪು ಹುಡುಗ ಏಕಿರಬಾರದು? ನನಗೂ ಆಸೆಯಿದೆ, ಆದರೆ ಮೇಲಿನಿಂದ ಕನಿಕರ ತೋರಿಸಿದಂತೆ ಕಾಣುತ್ತದೇನೋ ಎಂಬ ಅಳುಕಿದೆ ಎಂದು ಅವರು ಉತ್ತರಿಸಿದರು. ಶಿಕ್ಷಕಿ ಸುಮ್ಮನಾಗಲಿಲ್ಲ. ತಮ್ಮ ಕಪ್ಪು ಗೆಳೆಯರಿಂದಲೇ ಪತ್ರ ಬರೆಸಿದರು. ಅದೇ ಜುಲೈ 31ರಂದು, ಸಮುದ್ರ ತೀರದಲ್ಲಿ ಚಾರ್ಲಿ ಬ್ರೌನ್ ಕಳೆದುಕೊಂಡ ಚೆಂಡನ್ನು ತಂದುಕೊಡುವ ಹುಡುಗನಾಗಿ ಫ್ರಾಂಕ್ಲಿನ್ ಬಂದ. ಒಂದು ಪತ್ರದ ಬಲ ನೋಡಿ. ಅದು ಸಿಟ್ಟಿನ ಪತ್ರವೂ ಆಗಿರಲಿಲ್ಲ, ಹೊಗಳಿಕೆಯದೂ ಅಲ್ಲ. ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು, ಆ ಉತ್ತರದ ಅಳುಕನ್ನು ಅರ್ಥ ಮಾಡಿಕೊಂಡು ಮತ್ತೆ ಬರೆದದ್ದು ಅದರ ಬಲ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ದೂರದರ್ಶನ ಮತ್ತು ರೇಡಿಯೋ ಪ್ರೇಕ್ಷಕರ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಪರದೆಯ ಮೇಲಿನವರೊಡನೆ ನಮಗೆ ಬೆಳೆಯುವ ಏಕಮುಖ ಗೆಳೆತನವನ್ನು ಅವರು ಹುಸಿ ಎಂದು ತಳ್ಳಿಹಾಕದೆ ಅಧ್ಯಯನ ಮಾಡಿದರು. ನಾವು ಅವರನ್ನು ಬಲ್ಲೆವು, ಅವರು ನಮ್ಮನ್ನು ಅರಿಯರು. ಆದರೂ ಆ ಬಂಧದಲ್ಲಿ ನಾವು ಪಡುವ ಭಾವನೆ ಸುಳ್ಳಲ್ಲ. ಯಕ್ಷಗಾನದ ಆಟದಲ್ಲಿ ಅಭಿಮನ್ಯು ಬಿದ್ದಾಗ, ಬಣ್ಣ ಕಳಚಿದ ಮೇಲೆ ಅದೇ ಕಲಾವಿದ ಚಹಾ ಕುಡಿಯುತ್ತಾನೆಂದು ತಿಳಿದೂ ಕಣ್ಣು ಒರೆಸಿಕೊಂಡವರು ನಮ್ಮ ಹಿರಿಯರು. ಪಾತ್ರದ ಸಾವು ನೆಪ. ನಮ್ಮೊಳಗೆ ಕಟ್ಟಿಕೊಂಡ ದುಃಖಕ್ಕೆ ಅದೊಂದು ಬಾಗಿಲು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಅಂಚೆ ಚೀಲದಲ್ಲಿ ಒಂದು ಕಾರ್ಡು ಇತ್ತು. ಏಳನೆಯ ತರಗತಿಯ ಹುಡುಗಿ, ಗೆರೆ ಎಳೆದುಕೊಂಡು ಬರೆದದ್ದು. ಅದರಲ್ಲಿದ್ದದ್ದು ಇಷ್ಟೇ: ಅಜ್ಜಿ ಸತ್ತದ್ದು ಸರಿ, ವಯಸ್ಸಾಗಿತ್ತು, ಆದರೆ ಆ ಮನೆಯಲ್ಲಿ ಯಾರೂ ಏಕೆ ಅಳಲಿಲ್ಲ? ನಮ್ಮ ಅಜ್ಜಿ ಹೋದಾಗ ನಾವು ಬಹಳ ದಿನ ಅತ್ತೆವು. ನಾನು ಆ ಕಾರ್ಡನ್ನು 'ವಿರೋಧ' ಎಂಬ ಕಟ್ಟಿಗೆ ಸೇರಿಸಿದೆ. ಅಂಕಿಯಲ್ಲಿ ಒಂದನ್ನು ಹೆಚ್ಚಿಸಿದೆ. ಉತ್ತರ ಬರೆಯಲಿಲ್ಲ.

ಆ ಹುಡುಗಿ ವಿರೋಧಿಸಿರಲಿಲ್ಲ. ಕತೆ ಹೇಳುವವರು ತೀರಿಸದೆ ಬಿಟ್ಟ ಒಂದು ಸಾಲವನ್ನು ಅವಳು ನೆನಪಿಸಿದ್ದಳು. ಜಾನ್‌ಸ್ಟನ್ ಅವರು ಒಂದು ನಾಯಿಗೆ ಸಲ್ಲಿಸಿದ ಗೌರವವನ್ನು ನಾವು ಒಬ್ಬ ಅಜ್ಜಿಗೆ ಸಲ್ಲಿಸಿರಲಿಲ್ಲ. ಕತೆಯಲ್ಲಿ ಸಾವು ಬಂದದ್ದಕ್ಕೆ ಓದುಗರು ದೂರುವುದು ಕಡಿಮೆ. ಸಾವನ್ನು ಹಗುರವಾಗಿ ಕಂಡದ್ದಕ್ಕೆ ಅವರು ನೋಯುತ್ತಾರೆ. ಇದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು, ಫಾರ್ಲಿಯ ಕಂತುಗಳನ್ನು ಒಟ್ಟಿಗೆ ಓದಿದ ಮೇಲೆ. ಅಷ್ಟರಲ್ಲಿ ಆ ಕಾರ್ಡು, ಅದರ ಮೇಲಿನ ವಿಳಾಸ ಎಲ್ಲವೂ ರದ್ದಿಗೆ ಹೋಗಿದ್ದವು. ಈಗ ನಾನು ಸಹಾಯಕರಿಗೆ ಹೇಳುವುದು ಒಂದೇ ಮಾತು: ಪತ್ರಗಳನ್ನು ಎಣಿಸಬೇಡಿ, ಓದಿ. ಎಷ್ಟು ಮಂದಿ ಎಂಬುದನ್ನು ಅವು ಹೇಳಲಾರವು. ಏನು ತಪ್ಪಿದೆ ಎಂಬುದನ್ನು ಹೇಳಬಲ್ಲವು.

ಕೊನೆಗೆ ನಿಮಗೊಂದು ಕೆಲಸ. ನೀವು ದಿನವೂ ನೋಡುವ ಧಾರಾವಾಹಿಯನ್ನೋ, ಓದುವ ಚಿತ್ರಪಟ್ಟಿಯನ್ನೋ ಆರಿಸಿಕೊಳ್ಳಿ. ಒಂದು ತಿಂಗಳು ಒಂದು ಪಾತ್ರವನ್ನು ಮಾತ್ರ ಗಮನಿಸಿ, ದಿನಕ್ಕೆ ಎರಡು ಸಾಲು ಬರೆದಿಡಿ. ಅದು ಯಾವಾಗ ತನ್ನಂತೆ ನಡೆದುಕೊಂಡಿತು, ಯಾವಾಗ ಕತೆಯ ಅನುಕೂಲಕ್ಕಾಗಿ ನಡೆದುಕೊಂಡಿತು? ತಿಂಗಳ ಕೊನೆಗೆ ಅದನ್ನು ಬರೆದವರಿಗೆ ಒಂದು ಪತ್ರ ಬರೆಯಿರಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬೇಡ. ಒಂದು ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಬೇಸರ ಬೇಡ. ಬಹುಶಃ ಯಾರೋ ಹೊಸ ಸಹಾಯಕ ಅದನ್ನು ಯಾವುದೋ ಕಟ್ಟಿಗೆ ಸೇರಿಸಿರುತ್ತಾನೆ. ಮತ್ತೊಮ್ಮೆ ಬರೆಯಿರಿ.